ಜಕ್ಕೂರು ಕೆರೆಯ ಜೊಂಡು ಮಾಡುವ ಕೆಲಸ

ಬೆಂಗಳೂರಿನ ಕೆರೆಗಳ ಸುತ್ತ ವಾಕಿಂಗ್ ಹೋಗುವವರಲ್ಲಿ ಹೆಚ್ಚಿನವರು ನೀರು ನೋಡುವುದಿಲ್ಲ, ಕೈಗಡಿಯಾರದಲ್ಲಿ ಹೆಜ್ಜೆಯ ಲೆಕ್ಕ ನೋಡುತ್ತಾರೆ. ಜಕ್ಕೂರು ಕೆರೆಯಲ್ಲಿ ಹಾಗೆ ಮಾಡಿದರೆ ನಷ್ಟ. ಇಲ್ಲಿನ ಹಾದಿ ಸಮತಟ್ಟು, ಮಕ್ಕಳಿಗೂ ಮಂಡಿನೋವಿನವರಿಗೂ ಸಲೀಸು. ನಿಧಾನವಾಗಿ ನಡೆದರೂ ಒಂದೂವರೆ ಗಂಟೆಯಲ್ಲಿ ಒಂದು ಸುತ್ತು ಮುಗಿಯುತ್ತದೆ. ಆದರೆ ಏರಿಯ ಕಡೆಯಿಂದ ಹೊರಡಬೇಡಿ. ನೀರು ಒಳಗೆ ಬರುವ ಮೇಲ್ತುದಿಯಿಂದ ಹೊರಡಿ. ಬಚ್ಚಲ ನೀರು ಕೆರೆ ನೀರಾಗುವ ಕ್ರಮ ಪಕ್ಕದಲ್ಲೇ ಕಾಣುತ್ತದೆ.

ಯಲಹಂಕಕ್ಕೆ ಹತ್ತಿರದ ಈ ಕೆರೆ ಸುಮಾರು 160 ಎಕರೆಯಷ್ಟು ದೊಡ್ಡದು. ನಗರ ಬೆಳೆದಂತೆ ರಾಜಕಾಲುವೆಯಲ್ಲಿ ಮಳೆ ನೀರಿಗಿಂತ ಮನೆಗಳ ಕೊಳಚೆಯೇ ಹೆಚ್ಚಾಯಿತು. ಜಲಮಂಡಳಿ ಮೇಲ್ತುದಿಯಲ್ಲಿ ಶುದ್ಧೀಕರಣ ಘಟಕ ಕಟ್ಟಿತು. ಆರಂಭದಲ್ಲಿ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಘಟಕದಿಂದ ಹೊರಬರುವ ನೀರು ನೇರವಾಗಿ ಕೆರೆಗೆ ಧುಮುಕುವುದಿಲ್ಲ. ನಡುವೆ ಹತ್ತು ಹನ್ನೊಂದು ಎಕರೆಯ ಜೌಗು ಇದೆ. ಕೆರೆಯ ಪುನಶ್ಚೇತನದ ಹೊತ್ತಿನಲ್ಲಿ ಈ ಜೌಗಿಗೆ ಜಾಗ ಬಿಟ್ಟದ್ದು, ನನ್ನ ಪ್ರಕಾರ, ಕಲ್ಲುಬೆಂಚು ಮತ್ತು ದೀಪದ ಕಂಬಗಳಿಗಿಂತ ನೂರು ಪಾಲು ದೊಡ್ಡ ಕೆಲಸ.

ಘಟಕದಲ್ಲಿ ಶುದ್ಧವಾದ ಮೇಲೆ ಜೌಗು ಏಕೆ ಬೇಕು? ಇಂಥ ಘಟಕಗಳ ಎರಡನೇ ಹಂತದ ಶುದ್ಧೀಕರಣ ಮುಖ್ಯವಾಗಿ ಕೊಳೆಯುವ ಸಾವಯವ ಪದಾರ್ಥವನ್ನು ತೆಗೆಯುತ್ತದೆ. ಮೂತ್ರದಿಂದ, ಸಾಬೂನು ಪುಡಿಯಿಂದ ಬಂದ ಸಾರಜನಕ ಮತ್ತು ರಂಜಕ ಬಹುಪಾಲು ಉಳಿದುಕೊಳ್ಳುತ್ತವೆ. ಹೊಲಕ್ಕೆ ಇವು ಗೊಬ್ಬರ, ಕೆರೆಗೆ ಕಂಟಕ. ಈ ಗೊಬ್ಬರ ತಿಂದು ಪಾಚಿ ಕೊಬ್ಬುತ್ತದೆ. ರಾತ್ರಿ ಉಸಿರಾಡಿ ನೀರಿನ ಆಮ್ಲಜನಕವನ್ನು ಬರಿದು ಮಾಡುತ್ತದೆ, ಬೆಳಗಿನ ಜಾವಕ್ಕೆ ಮೀನು ಸಾಯುತ್ತವೆ.

ಜೌಗಿನಲ್ಲಿ ನಿಂತು ನೋಡಿದರೆ ಕಾಣುವುದು ಆಪು ಎಂಬ ಎತ್ತರದ ಜೊಂಡು, ಕಂದು ಬಣ್ಣದ ಉರುಟು ತೆನೆ. ಅದರ ಕಾಂಡದೊಳಗೆ ಗಾಳಿಯ ಕೊಳವೆಗಳಿವೆ. ಎಲೆಯಿಂದ ಇಳಿದ ಆಮ್ಲಜನಕ ಬೇರಿನಿಂದ ಸ್ವಲ್ಪ ಸೋರಿ, ಕೆಸರಿನಲ್ಲಿ ಬೇರಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಗಾಳಿಯ ಕವಚ ಉಂಟಾಗುತ್ತದೆ. ಆ ಕವಚದೊಳಗಿನ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಅದರಾಚೆ, ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನೇ ಬಳಸಿ ಉಸಿರಾಡುತ್ತವೆ. ಕೊನೆಗೆ ಉಳಿಯುವುದು ಸಾರಜನಕ ಅನಿಲ. ಅದು ಗುಳ್ಳೆಯಾಗಿ ಮೇಲೆದ್ದು ಗಾಳಿಗೆ ಸೇರುತ್ತದೆ. ಗಾಳಿ ಇರುವ ಜಾಗ, ಇಲ್ಲದ ಜಾಗ ಎರಡೂ ಒಂದಕ್ಕೊಂದು ತಾಗಿಕೊಂಡು ಇರುವುದರಿಂದಲೇ ಇದು ಸಾಧ್ಯ. ಕಾಂಕ್ರೀಟ್ ತೊಟ್ಟಿಯಲ್ಲಿ ಇದನ್ನೇ ಮಾಡಲು ಬೇರೆ ಬೇರೆ ಕೋಣೆ, ಪಂಪು, ವಿದ್ಯುತ್ತು ಬೇಕು.

ಸಮಯವೂ ಬೇಕು. ಜೌಗಿನ ಆಳ ಒಂದೂವರೆ ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿ: ದಿನಕ್ಕೆ 1 ಕೋಟಿ ಲೀಟರ್ ಬಂದರೆ ನೀರು ಅಲ್ಲಿ ಆರೇಳು ದಿನ ತಂಗುತ್ತದೆ. ಬರುವ ನೀರನ್ನು ಹೆಚ್ಚಿಸಿ ಜೌಗನ್ನು ಅಷ್ಟೇ ಇಟ್ಟರೆ, ಅಥವಾ ಹೂಳು ತುಂಬಲು ಬಿಟ್ಟರೆ, ತಂಗುವ ದಿನ ಕಡಿಮೆಯಾಗಿ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ರಂಜಕದ ಕಥೆ ಇಷ್ಟು ಸುಖಾಂತವಲ್ಲ. ಅದಕ್ಕೆ ಅನಿಲವಾಗಿ ಹಾರಿಹೋಗುವ ದಾರಿಯಿಲ್ಲ. ಕೆಸರಿಗೆ ಅಂಟಿಕೊಳ್ಳಬೇಕು, ಇಲ್ಲವೇ ಗಿಡದ ಮೈಗೆ ಸೇರಬೇಕು. ಬಲಿತ ಜೊಂಡು, ನೀರಿನ ಮೇಲೆ ತೇಲುವ ಹಯಸಿಂತ್ ಕಳೆ ಅಲ್ಲೇ ಬಿದ್ದು ಕೊಳೆತರೆ ಹೀರಿದ್ದೆಲ್ಲ ಮತ್ತೆ ನೀರಿಗೇ. ಆದ್ದರಿಂದ ಕಾಲಕಾಲಕ್ಕೆ ಕೊಯ್ದು ದಡಕ್ಕೆ ಎಳೆದು ಹಾಕಬೇಕು. ಉದ್ಘಾಟನೆಯ ಫಲಕದಲ್ಲಿ ಈ ಕೆಲಸಕ್ಕೆ ಜಾಗವಿರುವುದಿಲ್ಲ, ಕೂಲಿಗೆ ಹಣವೂ ಸುಲಭವಾಗಿ ಹುಟ್ಟುವುದಿಲ್ಲ.

ಈ ವಿದ್ಯೆ ಹೊಸದಲ್ಲ. ಜರ್ಮನಿಯ ವಿಜ್ಞಾನಿ ಕೇಟೆ ಝೈಡಲ್ 1950ರ ದಶಕದಲ್ಲೇ ಜೌಗು ಗಿಡಗಳಿಂದ ಕೊಳಚೆ ಶುದ್ಧಿಯ ಪ್ರಯೋಗ ಮಾಡಿದರು. ಅಮೆರಿಕದ ಕ್ಯಾಲಿಫೋರ್ನಿಯಾದ ಅರ್ಕಾಟಾ ಎಂಬ ಪುಟ್ಟ ಊರು 1986ರಲ್ಲಿ ಕಡಲ ಕೊಲ್ಲಿಯ ದಂಡೆಯಲ್ಲಿ ಹಳೆಯ ಕಸದ ಗುಡ್ಡೆಯ ಪಕ್ಕದಲ್ಲಿ ಮರದ ದಿಮ್ಮಿ ಪೇರಿಸುತ್ತಿದ್ದ ಜಾಗಗಳನ್ನೇ ಜೌಗು ಮಾಡಿ, ಊರ ಕೊಳಚೆಯನ್ನು ಅದರ ಮೂಲಕ ಹಾಯಿಸಿತು. ಇವತ್ತು ಅಲ್ಲಿಗೆ ಜನ ಬರುವುದು ಹಕ್ಕಿ ನೋಡಲು, ನಡೆದಾಡಲು. ಹಸಿರಾದ ಆ ಕಸದ ಗುಡ್ಡೆಗೆ ಊರವರು ತಮಾಷೆಗೆ ಇಟ್ಟ ಹೆಸರು ಮೌಂಟ್ ಟ್ರ್ಯಾಶ್‌ಮೋರ್.

ಜಕ್ಕೂರಿನಲ್ಲೂ ಜೌಗು ದಾಟಿ ಮುಂದೆ ನಡೆದಂತೆ ನೀರು ಬಯಲಾಗುತ್ತದೆ, ಹಕ್ಕಿಗಳು ಬದಲಾಗುತ್ತವೆ. ಜೊಂಡಿನ ಸಂದಿಯಲ್ಲಿ ನೀಲಿ ಜಂಬುಕೋಳಿ, ಆಳದ ಕಡೆ ಹೆಜ್ಜಾರ್ಲೆ, ನೀರುಕಾಗೆ. ಮೀನುಗಾರರ ಬಲೆಯೂ ಉಂಟು. ಸುತ್ತಲಿನ ಬಾವಿಗಳಿಗೂ ಕೆರೆಯಿಂದಲೇ ಜಲ.

ಇಷ್ಟಾದರೂ ನಗರದಲ್ಲಿ ಕೆರೆ ಉದ್ಧಾರ ಎಂದರೆ ಬಹಳ ಕಡೆ ಒಂದೇ ನಕ್ಷೆ: ಅಂಗಳವನ್ನು ಬಟ್ಟಲಿನಂತೆ ಅಗೆ, ಅಂಚನ್ನು ಕಡಿದಾಗಿ ಮಾಡು, ಸುತ್ತ ಟೈಲ್ಸ್ ಹಾಸು. ಬಟ್ಟಲಿಗೆ ಅಂಚಿನಲ್ಲಿ ತೆಳುನೀರಿಲ್ಲ, ತೆಳುನೀರಿಲ್ಲದಲ್ಲಿ ಜೊಂಡಿಲ್ಲ. ಇದ್ದಬದ್ದ ಜೊಂಡನ್ನೂ ಸೊಳ್ಳೆಯ ಭಯದಿಂದ, ನೋಟ ಕೆಡುತ್ತದೆಂದು ಬೇರುಸಹಿತ ಕೀಳಿಸಬೇಕೆಂಬ ಮನವಿಗಳು ಹೋಗುತ್ತವೆ. ಕೊಯ್ಯುವುದು ಬೇರೆ, ಕೀಳುವುದು ಬೇರೆ.

ಜೌಗಿನ ಮೇಲೆ ಎಲ್ಲ ಭಾರವನ್ನೂ ಹೊರಿಸುವಂತಿಲ್ಲ. ಕಾರ್ಖಾನೆಯ ಸೀಸ, ಕ್ರೋಮಿಯಂ ಮುಂತಾದ ಲೋಹಗಳನ್ನು ಅದು ಕೆಸರಿನಲ್ಲಿ ಕೂಡಿಡಬಲ್ಲದು, ನಾಶ ಮಾಡಲಾರದು. ಘಟಕವನ್ನು ತಪ್ಪಿಸಿಕೊಂಡು ಕಾಲುವೆಯಲ್ಲಿ ನುಗ್ಗುವ ಹಸಿ ಕೊಳಚೆಯೂ ಅದಕ್ಕೆ ಹೊರಲಾಗದ ಹೊರೆ. ಆದರೂ ಅದಕ್ಕೆ ಮಾಡಲಾಗುವ ಕೆಲಸವನ್ನು ಮರೆಯಬಾರದು. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಉಳಿದ ಸಾರಜನಕ, ರಂಜಕವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕೆಂದು ಅಲ್ಲಿನ ಜನ ಕೇಳುತ್ತಲೇ ಇದ್ದಾರೆ. ಆ ಚರ್ಚೆಯಲ್ಲಿ ದುಬಾರಿ ಯಂತ್ರಗಳ ಜೊತೆಗೆ ಪ್ರತಿ ಕೆರೆಯ ತಲೆಗೊಂದು ಜೌಗು ಎಂಬ ಮಾತೂ ಇರಬೇಕು.

ಜಕ್ಕೂರಿಗೆ ಹೋಗುವವರಲ್ಲಿ ಒಂದು ಕೇಳಿಕೆ. ಪುಣ್ಯವೆಂದು ಮೀನಿಗೆ ಬ್ರೆಡ್ಡು, ಪುರಿ ಎರಚಬೇಡಿ. ಜೊಂಡು ವಾರವಿಡೀ ತೆಗೆದ ಸಾರಜನಕ, ರಂಜಕಗಳೇ ಆ ಬ್ರೆಡ್ಡಿನಲ್ಲೂ ಇವೆ.