ಹಚ್ಚೆ ಹಾಕಿಸಿಕೊಳ್ಳುವುದು ಪಾಪವೇ?



ನಮ್ಮ ಹೊಳಲ್ಕೆರೆ, ಹೊಸದುರ್ಗ ಕಡೆ ವಯಸ್ಸಾದ ತಾಯಂದಿರ ಕೈ ಗಮನಿಸಿ ನೋಡಿ. ಮುಂಗೈ ಮೇಲೆ, ಹಣೆ ಮೇಲೆ, ಗಲ್ಲದ ಮೇಲೆ ಹಸಿರು ಚುಕ್ಕಿಗಳು, ರಂಗೋಲಿಯ ಎಳೆಗಳು ಕಾಣುತ್ತವೆ. ಅದೇ ಹಚ್ಚೆ. ಈಗ ಅವರ ಮೊಮ್ಮಕ್ಕಳು ಬೆಂಗಳೂರಿಗೆ, ದಾವಣಗೆರೆಗೆ ದುಡಿಯಲು ಹೋಗಿ, ತೋಳಿನ ತುಂಬ ಟ್ಯಾಟೂ ಹಾಕಿಸ್ಕೊಂಡು, ಹುಬ್ಬಿಗೊಂದು ರಿಂಗ್ ಚುಚ್ಚಿಸ್ಕೊಂಡು ಊರಿಗೆ ಬರ್ತಾರೆ. ಮನೆಯಲ್ಲಿ ಜಗಳ ಶುರುವಾಗುತ್ತದೆ. "ಇದು ಪಾಪ ಅಲ್ವಾ? ಬೈಬಲ್‌ನಲ್ಲಿ ಬೇಡ ಅಂತ ಇದೆಯಂತೆ, ಹೌದಾ?" ಎಂದು ತಾಯಂದಿರು ಕೇಳುತ್ತಾರೆ. ಈ ಪ್ರಶ್ನೆಗೆ ಕಥೋಲಿಕ ಧರ್ಮಸಭೆಯ ಬೋಧನೆ ಏನೆಂದು ಇಲ್ಲಿ ತಿಳಿದುಕೊಳ್ಳೋಣ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಇದರಲ್ಲಿ ಎಲ್ಲರಿಗೂ ಬೇಕಾದ ಮಾತೂ ಇದೆ.

ನಮ್ಮ ಸೀಮೆಯ ಹಚ್ಚೆ

ಹಚ್ಚೆ ಪಟ್ಟಣದಿಂದ ಬಂದ ಹೊಸ ಫ್ಯಾಷನ್ ಏನಲ್ಲ. ಹಿಂದೆ ಕೊರವ ಸಮುದಾಯದ ಹೆಣ್ಣುಮಕ್ಕಳು ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದರು. 1906ರಲ್ಲಿ ಎಡ್ಗರ್ ಥರ್ಸ್ಟನ್ ಎಂಬುವರು ದಕ್ಷಿಣ ಭಾರತದ ಜನಜೀವನದ ಬಗ್ಗೆ ಬರೆದ ಪುಸ್ತಕದಲ್ಲೂ ಇವರ ಈ ಕಸುಬಿನ ವಿಚಾರ ಇದೆ. ಲಂಬಾಣಿ ತಾಂಡಾಗಳಲ್ಲಿಯೂ ಹಚ್ಚೆ ಹೆಣ್ಣಿನ ಅಲಂಕಾರವೇ ಆಗಿತ್ತು. "ಸತ್ತಾಗ ಚಿನ್ನ ಬಿಚ್ಚಿಕೊಳ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತೆ" ಎಂಬ ನಂಬಿಕೆ ಹಿರಿಯರದು. ಒಡವೆ ಕೊಳ್ಳಲಾರದ ಬಡ ಹೆಣ್ಣುಮಗಳಿಗೆ ಅದೇ ಒಡವೆ.

ಬೈಬಲ್ ಏನು ಹೇಳುತ್ತದೆ?

ಹಳೆಯ ಒಡಂಬಡಿಕೆಯ ಯಾಜಕಕಾಂಡ 19ನೇ ಅಧ್ಯಾಯದ 28ನೇ ವಚನದಲ್ಲಿ, ಸತ್ತವರಿಗಾಗಿ ದೇಹವನ್ನು ಕೊಯ್ದುಕೊಳ್ಳಬಾರದು, ಮೈಮೇಲೆ ಗುರುತು ಹಾಕಿಕೊಳ್ಳಬಾರದು ಎಂಬ ಕಟ್ಟಳೆ ಇರುವುದು ನಿಜ. ಆದರೆ ಅದನ್ನು ಯಾರಿಗೆ, ಯಾಕೆ ಹೇಳಿತ್ತು ಅಂತ ನೋಡಬೇಕು. ಸುತ್ತಲಿನ ಜನಾಂಗಗಳ ಶೋಕಾಚರಣೆ, ಪೂಜಾಪದ್ಧತಿಗಳಿಂದ ಇಸ್ರಯೇಲರು ದೂರ ಇರಲಿ ಎಂಬುದು ಅದರ ಉದ್ದೇಶ. ಅದೇ ಅಧ್ಯಾಯದಲ್ಲಿ ಎರಡು ಬಗೆಯ ನೂಲು ಸೇರಿಸಿ ನೇಯ್ದ ಬಟ್ಟೆ ಉಡಬಾರದು, ಗಡ್ಡದ ಅಂಚು ಕತ್ತರಿಸಬಾರದು ಅಂತಲೂ ಇದೆ. ಇವತ್ತು ಟೆರಿಕಾಟ್ ಬಟ್ಟೆ ಉಟ್ಟವರನ್ನು ನಾವು ಪಾಪಿ ಅನ್ನುತ್ತೇವೆಯೇ?

ಯೆಹೂದ್ಯರಲ್ಲದ ವಿಶ್ವಾಸಿಗಳ ಮೇಲೆ ಮೋಶೆಯ ಆಚಾರ ವಿಧಿಗಳ ಹೊರೆಯನ್ನೆಲ್ಲ ಹೊರಿಸಬಾರದೆಂದು ಪ್ರೇಷಿತರು ಜೆರುಸಲೇಮಿನಲ್ಲಿ ಕೂಡಿ ತೀರ್ಮಾನಿಸಿದರು. ಇದು ಪ್ರೇಷಿತರ ಕಾರ್ಯಕಲಾಪಗಳು 15ನೇ ಅಧ್ಯಾಯದಲ್ಲಿದೆ. ಆಚಾರದ ಕಟ್ಟಳೆಗಳು ಹೋದವು, ನೀತಿಯ ಕಟ್ಟಳೆಗಳು ಉಳಿದವು. ನೆರೆಯವರನ್ನು ನಮ್ಮಂತೆಯೇ ಪ್ರೀತಿಸಬೇಕೆಂಬ ಆಜ್ಞೆ ಇರುವುದೂ ಅದೇ 19ನೇ ಅಧ್ಯಾಯದಲ್ಲೇ. ಅದು ಎಂದಿಗೂ ಉಳಿಯುವಂಥದ್ದು.

ಇನ್ನು ಕಿವಿ, ಮೂಗು ಚುಚ್ಚಿಸುವ ವಿಚಾರ. ಅಬ್ರಹಾಮನ ಸೇವಕ ರೆಬೆಕ್ಕಳಿಗೆ ಮೂಗುತಿ ತೊಡಿಸಿ ಕೈಗೆ ಬಳೆ ಹಾಕಿದನೆಂದು ಆದಿಕಾಂಡದಲ್ಲೇ ಇದೆ. ಮೂಗುತಿಯಿಂದ ಯಾರೂ ಅಪವಿತ್ರರಾಗಲಿಲ್ಲ. ಆದರೆ ಅಂಥದೇ ಕಿವಿಯೋಲೆಗಳನ್ನು ಬಿಚ್ಚಿ ಕರಗಿಸಿ ಚಿನ್ನದ ಕರು ಮಾಡಿದರೆಂದು ವಿಮೋಚನಾಕಾಂಡ ಹೇಳುತ್ತದೆ. ತಪ್ಪು ಒಡವೆಯದಲ್ಲ, ಅದನ್ನು ಬಳಸುವ ಮನಸ್ಸಿನದು.

ಧರ್ಮಸಭೆಯ ಬೋಧನೆ

ಹಚ್ಚೆ ಹಾಕಿಸಿಕೊಳ್ಳುವುದೇ ಪಾಪವೆಂದು ಕಥೋಲಿಕ ಧರ್ಮೋಪದೇಶದಲ್ಲಿ ಎಲ್ಲಿಯೂ ಹೇಳಿಲ್ಲ. 787ರಲ್ಲಿ ಇಂಗ್ಲೆಂಡಿನಲ್ಲಿ ಸೇರಿದ್ದ ಧರ್ಮಸಭೆಯ ಸಮ್ಮೇಳನವೊಂದು, ಮೂಢನಂಬಿಕೆಯಿಂದ ಹಾಕಿಸಿಕೊಳ್ಳುವ ಹಚ್ಚೆಯನ್ನು ಖಂಡಿಸಿತು. ದೇವರಿಗಾಗಿ ಆ ನೋವು ತಾಳುವುದಾದರೆ ಅದು ಮೆಚ್ಚತಕ್ಕದ್ದೇ ಎಂದೂ ಹೇಳಿತು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಇಂದಿಗೂ ಮಣಿಕಟ್ಟಿನ ಮೇಲೆ ಶಿಲುಬೆಯ ಹಚ್ಚೆ ಹಾಕಿಸಿಕೊಳ್ಳುತ್ತಾರೆ. 2018ರಲ್ಲಿ ರೋಮಿನಲ್ಲಿ ಯುವಜನರೊಡನೆ ಮಾತನಾಡುತ್ತಾ ಪೋಪ್ ಫ್ರಾನ್ಸಿಸರು, ಹಚ್ಚೆ ಕಂಡು ಹೆದರಬೇಡಿ, ಅದನ್ನೇ ಮಾತಿಗೆ ಒಂದು ಬಾಗಿಲು ಮಾಡಿಕೊಳ್ಳಿ ಎಂಬರ್ಥದ ಮಾತು ಹೇಳಿದರು. ಅತಿ ಆಗಬಾರದು ಎಂದೂ ಎಚ್ಚರಿಸಿದರು.

ಹಾಗಂತ ಏನು ಬೇಕಾದರೂ ಮಾಡಬಹುದು ಅಂತಲ್ಲ. ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಚಿಕಿತ್ಸೆಯ ಕಾರಣವಿಲ್ಲದೆ ದೇಹವನ್ನು ಊನಗೊಳಿಸುವುದು ತಪ್ಪೆಂದು ಧರ್ಮೋಪದೇಶ ಹೇಳುತ್ತದೆ. ದೇಹವನ್ನೇ ದೇವರು ಮಾಡಿಕೊಂಡು ಅದರ ಅಂದಕ್ಕೆ ಎಲ್ಲವನ್ನೂ ಸುರಿಯುವುದೂ ಸರಿಯಲ್ಲ.

ಆದ್ದರಿಂದ ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ.

1. ಯಾಕೆ? ಅಂದಕ್ಕೋ, ಭಕ್ತಿಗೋ, ನೆನಪಿಗೋ ಆದರೆ ಸರಿ. ತಂದೆತಾಯಿಯ ಮೇಲಿನ ಸಿಟ್ಟಿಗೋ, ಹಚ್ಚೆ ಇದ್ದರೆ ಕೆಟ್ಟದ್ದು ತಟ್ಟೋದಿಲ್ಲ ಎಂಬ ಭಯಕ್ಕೋ ಆದರೆ ಬೇಡ.

2. ಏನು? ದ್ವೇಷದ, ಅಶ್ಲೀಲದ ಚಿತ್ರ ಮೈಮೇಲೆ ಬೇಡ.

3. ಯಾರ ತೀರ್ಮಾನ? ಹಿಂದೆ ಪಕ್ಕದ ಬಳ್ಳಾರಿ ಸೀಮೆಯಲ್ಲಿ ಹುಡುಗಿಯರನ್ನು ಬಸವಿ ಬಿಡುವಾಗ ಮೈಮೇಲೆ ಮುದ್ರೆ ಒತ್ತುತ್ತಿದ್ದರು. ಅದು ಅಲಂಕಾರವಲ್ಲ, ಹೆಣ್ಣನ್ನು ವಸ್ತುವಾಗಿ ಮಾಡುವ ಗುರುತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಈ ಪದ್ಧತಿಯನ್ನು ಅಪರಾಧವೆಂದು ಸಾರಿತು. ಹಾಗೆಯೇ "ಹೆಸರು ಹಾಕಿಸ್ಕೋ, ಆಗ ನಂಬ್ತೀನಿ" ಅಂತ ಗಂಡನಾಗಲಿ, ಪ್ರೀತಿಸುವವನಾಗಲಿ ಬಲವಂತ ಮಾಡಿದರೆ ಅದು ಪ್ರೀತಿಯಲ್ಲ. ಕೂಸಿಗೆ ಹೊಟ್ಟೆನೋವು ಅಂತ ಬರೆ ಹಾಕುವುದಂತೂ ಹಿಂಸೆಯೇ. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

4. ಹೇಗೆ? ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತಾರು ಜನರಿಗೆ ಹಾಕುವ ಕಡೆ ಕೈ ಕೊಡಬೇಡಿ. ಶುದ್ಧವಲ್ಲದ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್.ಐ.ವಿ. ಹರಡಬಹುದು. ಹೊಸ ಸೂಜಿಯನ್ನು ನಿಮ್ಮ ಎದುರಿಗೇ ಬಿಚ್ಚಬೇಕು. ಬಣ್ಣವನ್ನೂ ಬೇರೆಯವರಿಗೆ ಬಳಸಿ ಉಳಿದದ್ದರಿಂದ ತೆಗೆಯಬಾರದು. ಮಗುವಿಗೆ ಕಿವಿ ಚುಚ್ಚಿಸುವಾಗಲೂ ಇದೇ ಮಾತು. ಲಸಿಕೆಗಳು ಆಗಿವೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿ. ಚುಚ್ಚಿದ ಜಾಗ ಕೀವಾದರೆ ಅರಿಶಿನ ಹಚ್ಚಿ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಮಕ್ಕಳಿಗೆ ತಿಳಿಸಬೇಕಾದ್ದು

ಸೈನ್ಯಕ್ಕೆ ಸೇರುವ ಆಸೆ ಇರುವ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಬಹಳ ಇದ್ದಾರೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈಯ ಹಿಂಭಾಗ ಬಿಟ್ಟು ಬೇರೆ ಕಡೆ ಶಾಶ್ವತ ಹಚ್ಚೆ ಇದ್ದರೆ ಭೂಸೇನೆಯ ಭರ್ತಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಸಂಪ್ರದಾಯದಂತೆ ಹಚ್ಚೆ ಹಾಕಿಸಿಕೊಂಡ ಬುಡಕಟ್ಟು ಸಮುದಾಯದವರಿಗೆ ಮಾತ್ರ ವಿನಾಯಿತಿ ಇದೆ. ಇದನ್ನು ಮೊದಲೇ ತಿಳಿಸಿ. ಹಚ್ಚೆ ಹಾಕಿಸಿಕೊಂಡ ಮೇಲೆ ಕೆಲವು ತಿಂಗಳು ರಕ್ತದಾನ ಮಾಡುವಂತಿಲ್ಲ. ಬೇಡವೆನಿಸಿದಾಗ ಲೇಸರ್‌ನಿಂದ ತೆಗೆಸಲು ಹಲವು ಸಲ ಹೋಗಬೇಕು, ಹಾಕಿಸಿದ್ದಕ್ಕಿಂತ ಎಷ್ಟೋ ಪಟ್ಟು ಖರ್ಚಾಗುತ್ತದೆ. ಸಂಘದ ಸಾಲ ಮಗಳ ಫೀಸಿಗೆ, ಹಸುವಿಗೆ, ಹೊಲಿಗೆ ಯಂತ್ರಕ್ಕೆ ಇರಲಿ. ಟ್ಯಾಟೂಗೆ ಬೇಡ.

ಆದರೆ ಒಮ್ಮೆ ಹಾಕಿಸಿಕೊಂಡು ಬಂದ ಮಗನನ್ನು "ಮನೆ ಬಾಗಿಲು ತುಳೀಬೇಡ" ಅನ್ನಬೇಡಿ. ಕೂರಿಸಿ ಊಟಕ್ಕೆ ಇಕ್ಕಿ, "ಇದು ಏನಪ್ಪಾ, ಯಾಕೆ ಹಾಕಿಸ್ಕೊಂಡೆ?" ಅಂತ ಕೇಳಿ. ಊರು ಬಿಟ್ಟು ದುಡಿಯುವ ಮಗುವಿನ ಎಷ್ಟೋ ಒಂಟಿತನ, ಎಷ್ಟೋ ಆಸೆ ಆ ಒಂದು ಚಿತ್ರದಲ್ಲಿ ಇರಬಹುದು. ಅಜ್ಜಿಯ ಹಣೆಯ ಹಚ್ಚೆ ನೋಡಿ ಯಾರೂ ನಗಬಾರದು. ಹಚ್ಚೆ ಇದೆ ಎಂಬ ಕಾರಣಕ್ಕೆ ದೇವಾಲಯದಲ್ಲಾಗಲಿ, ಸಂಘದಲ್ಲಾಗಲಿ ಯಾರನ್ನೂ ಹಿಂದಕ್ಕೆ ಸರಿಸಬಾರದು. ಜ್ಞಾನಸ್ನಾನ ಪಡೆದವರ ಆತ್ಮದ ಮೇಲೆ ಅಳಿಸಲಾಗದ ಒಂದು ಮುದ್ರೆ ಬೀಳುತ್ತದೆಂದು ಧರ್ಮಸಭೆ ಬೋಧಿಸುತ್ತದೆ. ಚರ್ಮದ ಮೇಲಿನ ಯಾವ ಗುರುತೂ ಅದನ್ನು ಮುಚ್ಚಲಾರದು.

ಮುಂದಿನ ಸಭೆಯಲ್ಲಿ ಚರ್ಚಿಸಿ:

– ನಮ್ಮ ಊರಿನ ಹಿರಿಯರ ಹಚ್ಚೆಗಳ ಅರ್ಥವೇನು? ಅವರನ್ನೇ ಕೇಳಿ ತಿಳಿದುಕೊಂಡು ಬನ್ನಿ.
– ನಮ್ಮಲ್ಲಿ ಹೆಣ್ಣುಮಕ್ಕಳ ದೇಹದ ಬಗ್ಗೆ ತೀರ್ಮಾನ ಮಾಡುವವರು ಯಾರು?
– ಜಾತ್ರೆಯಲ್ಲಿ ಸೂಜಿಯ ಶುದ್ಧತೆ ಬಗ್ಗೆ ನಮ್ಮ ಸಂಘ ಏನು ಮಾಡಬಹುದು?