ದುಡಿಯುವ ತಾಯಿ ಲೆಕ್ಕದಲ್ಲಿ ಎಲ್ಲಿ?

ಜನಗಣತಿಯವರು ಮನೆಗೆ ಬಂದು "ನಿಮ್ಮ ಮನೆಯಾಕೆಗೆ ಏನು ಕೆಲಸ?" ಎಂದು ಕೇಳುವರು. ಯಜಮಾನರು ಜಗಲಿಯ ಮೇಲೆ ಕುಳಿತೇ "ಏನೂ ಇಲ್ಲ, ಮನೆಯಲ್ಲೇ ಇರುತ್ತಾಳೆ" ಎಂದುಬಿಡುವರು. ಆ ಹೊತ್ತಿಗೆ ಆಕೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿರುತ್ತಾಳೆ! ಈ ಒಂದು ಮಾತಿನಿಂದ ಆಕೆ ಸರ್ಕಾರದ ಪುಸ್ತಕದಲ್ಲಿ 'ದುಡಿಯದವರ' ಸಾಲಿಗೆ ಸೇರಿಹೋಗುವಳು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಗಂಡಸರು ನೂರಕ್ಕೆ 59 ಮಂದಿ ದುಡಿಯುವವರು. ಹೆಂಗಸರು ಸುಮಾರು 32 ಮಂದಿ ಮಾತ್ರ. ಇದರಲ್ಲಿ ಮಕ್ಕಳೂ ಮುದುಕರೂ ಸೇರಿದ್ದಾರೆ, ನಿಜ. ಆದರೂ ಮಳವಳ್ಳಿಯ ನಾಲಾ ಬಯಲಿನಲ್ಲಿ ನಾಟಿಯ ಕಾಲದಲ್ಲಿ ಗದ್ದೆಗೆ ಇಳಿದಿರುವವರು ಯಾರೆಂಬುದನ್ನು ಕಂಡವರು ಈ ಅಂಕಿಯನ್ನು ಸ್ವಲ್ಪ ಸಂಶಯದಿಂದಲೇ ನೋಡಬೇಕು.

ನಿಯಮವೇನೋ ಆಕೆಯ ಕಡೆಗೇ ಇದೆ. ಸ್ವಂತ ಜಮೀನಿನಲ್ಲಿ, ಮನೆಯ ಕಸುಬಿನಲ್ಲಿ ಕೂಲಿಯಿಲ್ಲದೆ ದುಡಿದರೂ ಅದು ಕೆಲಸವೇ. ಮನೆಬಳಕೆಗೆಂದೇ ಹಾಲು ಕರೆದರೂ ಕೆಲಸವೇ. ಅಡಿಗೆ, ನೀರು ತರುವುದು, ಮಕ್ಕಳ ಪಾಲನೆ ಮಾತ್ರ ಲೆಕ್ಕಕ್ಕೆ ಬಾರವು. ಹಿಂದಿನ ಒಂದು ವರ್ಷದಲ್ಲಿ ಆರು ತಿಂಗಳು, ಎಂದರೆ 183 ದಿನ ದುಡಿದವರು 'ಮುಖ್ಯ' ಕೆಲಸಗಾರರು. ಅದಕ್ಕಿಂತ ಕಡಮೆಯಾದರೆ 'ಅಲ್ಪಾವಧಿ' ಕೆಲಸಗಾರರು.

ನಿಮ್ಮ ಮನೆಯ ಲೆಕ್ಕವನ್ನೇ ಹಾಕಿ ನೋಡಿ. ಒಂದು ಬೆಳೆ ರೇಷ್ಮೆಹುಳು ಸಾಕಲು ಸುಮಾರು 25 ದಿನ. ವರ್ಷಕ್ಕೆ ಐದು ಬೆಳೆಯಾದರೆ 125 ದಿನ. ಕಳೆ, ನಾಟಿ, ಕೊಯ್ಲಿನ ಎರಡು ತಿಂಗಳು ಕೂಡಿಸಿದರೆ 183 ದಾಟಿತು. ಹಸುವಿನ ಕೆಲಸವನ್ನು ಇನ್ನೂ ಹಿಡಿದೇ ಇಲ್ಲ!

ಸಂಸಾರದ ರೀತಿ ಬೇರೆಯಾದಂತೆ ತಪ್ಪೂ ಬೇರೆಯಾಗುತ್ತದೆ. ಅವಿಭಕ್ತ ಕುಟುಂಬದಲ್ಲಿ ಮೂವರು ಸೊಸೆಯಂದಿರು ಹೊಲಕ್ಕೆ ಹೋಗುತ್ತಿದ್ದರೂ ಹಿರಿಯರು ಎಲ್ಲರನ್ನೂ 'ಮನೆಗೆಲಸ' ಎಂದು ಒಂದೇ ಉಸಿರಿನಲ್ಲಿ ಬರೆಸಿಬಿಡುವರು. ಗಂಡ, ಹೆಂಡತಿ, ಇಬ್ಬರು ಮಕ್ಕಳ ಮನೆಯಲ್ಲಿ, ತಾಯಿ ಮದ್ದೂರಿನ ಕಡೆಯ ಗಾರ್ಮೆಂಟ್ ಕಾರ್ಖಾನೆಗೆ ಹೋಗಿ ಸಂಬಳ ತಂದರೆ ಮರೆಯುವವರಿಲ್ಲ. ಮನೆಯ ಜಮೀನಿನಲ್ಲೇ ದುಡಿದರೆ ಮರೆಯುತ್ತಾರೆ.

ಮೂರನೆಯ ಬಗೆಯದು ತೊಡಕಿನದು. ತಂದೆ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ, ಜಮೀನು ತಾಯಿಯ ಕೈಯಲ್ಲಿದೆ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗಿನ ಎಣಿಕೆಯ ಅವಧಿಯುದ್ದಕ್ಕೂ ಊರಿನಲ್ಲಿಲ್ಲದವನನ್ನು ಊರ ಮನೆಯಲ್ಲಿ ಬರೆಯಲಿಲ್ಲ, ಇದ್ದಲ್ಲಿಯೇ ಎಣಿಸಿದರು. ಹೀಗಾಗಿ ಇಂಥ ಮನೆಯೂ ವಿಧವೆಯ ಮನೆಯೂ ಪಟ್ಟಿಯಲ್ಲಿ ಹೆಂಗಸೇ ಮುಖ್ಯಸ್ಥೆಯಾದ ಮನೆಗಳಾಗಿ ಒಂದೇ ಕಡೆ ನಿಂತವು. ಅಲ್ಲಿಯೂ ಆ ತಾಯಿಯನ್ನು ಸಾಗುವಳಿದಾರಳೆಂದು ಬರೆಸದಿದ್ದರೆ, ಕಾಗದದ ಮೇಲೆ ಆ ಮನೆಯಲ್ಲಿ ದುಡಿಯುವವರೇ ಇಲ್ಲವೆಂದಾಯಿತು. (ಪಡಿತರ ಚೀಟಿಯ ಯಜಮಾನಿಯ ವಿಷಯ ಬೇರೆ. 2013ರ ಆಹಾರ ಭದ್ರತಾ ಕಾಯಿದೆಯಂತೆ ಅಲ್ಲಿ ಹಿರಿಯ ಹೆಂಗಸೇ ಮುಖ್ಯಸ್ಥೆ. ಜನಗಣತಿಯಲ್ಲಿ ಮನೆಯವರು ಯಾರನ್ನು ಮುಖ್ಯಸ್ಥರೆನ್ನುವರೋ ಅವರೇ.)

ಕೂಸುಗಳನ್ನು ಹಗಲು ನೋಡಿಕೊಳ್ಳುವ ಕೇಂದ್ರ ಎಲ್ಲೆಲ್ಲಿ ಬೇಕೆಂದು ಯೋಚಿಸುವವರು ಮೊದಲು ಹುಡುಕುವುದು ದುಡಿಯುವ ತಾಯಂದಿರ ಸಂಖ್ಯೆಯನ್ನು. ಅದು ಸೊನ್ನೆಯಾದ ಊರಿನವರು ಏನೆಂದು ಅರ್ಜಿ ಬರೆದಾರು?

2011ರ ನಂತರದ ಜನಗಣತಿಗೆ ಗೊತ್ತುಪಡಿಸಿದ ದಿನ 2027ರ ಮಾರ್ಚ್ 1. ಎಣಿಕೆಯವರು ಬಂದಾಗ ತಾಯಂದಿರನ್ನೇ ಮುಂದಕ್ಕೆ ಕರೆಯಿರಿ. ವರ್ಷದಲ್ಲಿ ಯಾವ ಯಾವ ಕೆಲಸ, ಎಷ್ಟೆಷ್ಟು ದಿನ ಎಂಬುದನ್ನು ಅವರ ಬಾಯಿಂದಲೇ ಹೇಳಿಸಿರಿ.