ಬಿಸಿಲು ಬರೆದ ಬಾಚಣಿಗೆ

ನೀಲನಕ್ಷೆ ಎಂಬ ಮಾತನ್ನು ಅರಿಯದ ವಿದ್ಯಾರ್ಥಿಯಿಲ್ಲ. ಕಟ್ಟಡಕ್ಕೆ ನೀಲನಕ್ಷೆ, ಯೋಜನೆಗೆ ನೀಲನಕ್ಷೆ, ಕಡೆಗೆ ಪರೀಕ್ಷೆಯ ಪ್ರಶ್ನಪತ್ರಿಕೆಗೂ ನೀಲನಕ್ಷೆ. ಆದರೆ ಆ ನಕ್ಷೆಗೆ ನೀಲಿಯ ಬಣ್ಣವೇ ಏಕೆ ಬಂದಿತೆಂದು ಪ್ರಶ್ನಿಸಿದವರು ವಿರಳ. ಹಿಂದೆ ಎಂಜಿನಿಯರನು ಅರೆಪಾರದರ್ಶಕವಾದ ಹಾಳೆಯ ಮೇಲೆ ಕಪ್ಪು ಶಾಯಿಯಿಂದ ನಕ್ಷೆಯನ್ನು ಬರೆದು, ಅದನ್ನು ರಾಸಾಯನಿಕವನ್ನು ಸವರಿದ ಮತ್ತೊಂದು ಕಾಗದದ ಮೇಲಿಟ್ಟು ಬೆಳಕಿಗೆ ಒಡ್ಡುತ್ತಿದ್ದನು. ಬೆಳಕು ತಾಗಿದೆಡೆ ಆ ಕಾಗದವು ನೀಲಿಯಾಗುತ್ತಿತ್ತು. ಗೆರೆಗಳ ನೆರಳಿನಲ್ಲಿದ್ದ ಭಾಗವು ತೊಳೆದ ಮೇಲೆ ಬಿಳಿದಾಗಿಯೇ ಉಳಿಯುತ್ತಿತ್ತು. ಈ ವಿಧಾನವನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದನು. ನಕ್ಷೆಗಳು ಗಣಕಯಂತ್ರದಿಂದ ಹೊರಬರುತ್ತಿರುವ ಈ ಕಾಲದಲ್ಲಿ ವಿಧಾನವು ಕಚೇರಿಗಳಿಂದ ಮರೆಯಾಗಿದೆ. ಹೆಸರು ಮಾತ್ರ ನಿಂತಿದೆ.

ನಾನು ಈ ನೀಲಿಯ ಬಳಿಗೆ ಬಂದುದು ಭೌತಶಾಸ್ತ್ರದ ದಾರಿಯಿಂದಲ್ಲ. ನನಗೆ ಚಿತ್ರ ಬರೆಯಲು ಬಾರದು. ಹಲಗೆಯ ಮೇಲೆ ನಾನು ಬರೆಯುವ ಪೀನಮಸೂರವು ಬದನೆಕಾಯಿಯಂತಿರುವುದೆಂದು ನನ್ನ ವಿದ್ಯಾರ್ಥಿಗಳು ತಮ್ಮಲ್ಲಿ ಆಡಿಕೊಳ್ಳುವುದನ್ನು ಕೇಳಿದ್ದೇನೆ. ಕಾಲೇಜಿನ ವಿಜ್ಞಾನ ಸಂಘಕ್ಕೆ ಭಿತ್ತಿಪತ್ರಗಳನ್ನು ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಈ ಕೊರತೆಯನ್ನು ನೀಗಿಕೊಳ್ಳಲೆಂದು ಅಂತರ್ಜಾಲದ ಮೂಲಕ ನಡೆಯುವ ಗ್ರಾಫಿಕ್ ವಿನ್ಯಾಸದ ಪಾಠಕ್ರಮವೊಂದಕ್ಕೆ ಸೇರಿಕೊಂಡೆನು. ಅಕ್ಷರಗಳನ್ನೂ ಚಿತ್ರಗಳನ್ನೂ ಹೊಂದಿಸಿ, ಹೇಳಬೇಕಾದುದನ್ನು ನೋಟಮಾತ್ರದಿಂದ ತಿಳಿಯುವಂತೆ ಮಾಡುವ ಕಲೆಯೇ ಗ್ರಾಫಿಕ್ ವಿನ್ಯಾಸ. ಪುಸ್ತಕದ ಹೊದಿಕೆ, ಔಷಧದ ಪೆಟ್ಟಿಗೆ, ರೈಲ್ವೆ ನಿಲ್ದಾಣದ ಫಲಕ ಇವೆಲ್ಲವೂ ಅದರ ವ್ಯಾಪ್ತಿಗೆ ಸೇರಿದವು.

ಗೆರೆಯನ್ನು ನೆಟ್ಟಗೆ ಎಳೆಯುವುದನ್ನು ಕಲಿಸುವರೆಂದು ನಾನೆಣಿಸಿದ್ದೆ. ಮೊದಲ ವಾರದ ಅಭ್ಯಾಸವು ಬೇರೆಯೇ ಆಗಿತ್ತು. ಮನೆಯಲ್ಲಿರುವ ಒಂದು ಸಾಮಾನ್ಯ ವಸ್ತುವನ್ನು ಆರಿಸಿಕೊಳ್ಳಬೇಕು; ಅದರ ಹತ್ತು ಬಿಂಬಗಳನ್ನು ಹತ್ತು ಬಗೆಯಲ್ಲಿ ಮಾಡಬೇಕು; ವಸ್ತುವಿನಂತೆಯೇ ಕಾಣಬೇಕೆಂಬ ನಿರ್ಬಂಧವಿಲ್ಲ. ಶಾಯಿ ಸವರಿ ಒತ್ತಬಹುದು, ಕಾಗದವನ್ನು ಹರಿದು ಅಂಟಿಸಬಹುದು, ಇದ್ದಿಲಿನಿಂದ ಉಜ್ಜಬಹುದು, ಬೆಳಕಿಗೆ ಒಡ್ಡಬಹುದು. ಇದನ್ನು ಪ್ರಾಯೋಗಿಕ ಬಿಂಬರಚನೆಯೆಂದು ಕರೆಯುವರು. ಫಲವು ಹೇಗಿರಬೇಕೆಂದು ಮೊದಲೇ ಗೊತ್ತುಮಾಡದೆ, ನಿಬಂಧನೆಗಳನ್ನಷ್ಟೇ ಗೊತ್ತುಮಾಡಿ, ಸಾಮಗ್ರಿಯು ತಾನೇ ಏನು ಮಾಡುವುದೋ ಅದನ್ನು ನೋಡುವುದು ಇದರ ತಿರುಳು. ನಾನು ನಮ್ಮ ಮನೆಯ ಹಳೆಯ ಮರದ ಬಾಚಣಿಗೆಯನ್ನು, ಹೇನು ತೆಗೆಯುವ ಸಣ್ಣ ಹಲ್ಲಿನದನ್ನು, ಆರಿಸಿಕೊಂಡೆನು. ಭೌತಶಾಸ್ತ್ರದವನಿಗೆ ಸಮಾನಾಂತರದ ಗೆರೆಗಳನ್ನು ಕಂಡರೆ ಒಲವು ಹೆಚ್ಚು!

ಈ ಬಗೆಯ ಶಿಕ್ಷಣವು ಇಂದಿನದಲ್ಲ. 1919ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ಬೌಹೌಸ್ ಎಂಬ ವಿನ್ಯಾಸಶಾಲೆಯೊಂದು ಸ್ಥಾಪಿತವಾಯಿತು. ಅಲ್ಲಿ 1923ರಿಂದ 1928ರವರೆಗೆ ಬೋಧಕನಾಗಿದ್ದ ಹಂಗೆರಿಯ ಲಾಸ್ಲೋ ಮೊಹೊಯ್-ನಾಜ್ ಎಂಬಾತನು ಕ್ಯಾಮೆರಾ ಇಲ್ಲದೆಯೇ, ವಸ್ತುಗಳನ್ನು ನೇರವಾಗಿ ಛಾಯಾಕಾಗದದ ಮೇಲಿಟ್ಟು ಬೆಳಕು ಬೀರಿ, ಬಿಂಬಗಳನ್ನು ಪಡೆಯುತ್ತಿದ್ದನು. ಅದೇ ಕಾಲದಲ್ಲಿ ಪ್ಯಾರಿಸಿನಲ್ಲಿ ಮ್ಯಾನ್ ರೇ ಎಂಬ ಅಮೆರಿಕದ ಕಲಾವಿದನೂ ಇಂಥವೇ ಬಿಂಬಗಳನ್ನು ಮಾಡಿ, 1922ರಲ್ಲಿ ಅವುಗಳ ಒಂದು ಸಂಪುಟವನ್ನು ಹೊರತಂದನು. ಮೊಹೊಯ್-ನಾಜನ ಮತ್ತೊಂದು ಪ್ರಯೋಗವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 1923ರಲ್ಲಿ ಅವನು ಫಲಕಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಒಂದೇ ಚಿತ್ರವನ್ನು ಮೂರು ಅಳತೆಗಳಲ್ಲಿ ಮಾಡಿಸಿದನು. ಚೌಕುಳಿ ಹಾಳೆಯನ್ನೂ ಬಣ್ಣಗಳ ಪಟ್ಟಿಯನ್ನೂ ಮುಂದಿಟ್ಟುಕೊಂಡು, ಯಾವ ಚೌಕದಲ್ಲಿ ಯಾವ ಬಣ್ಣವೆಂದು ಟೆಲಿಫೋನಿನಲ್ಲಿ ಹೇಳಿ ಮಾಡಿಸಿದೆನೆಂದು ಅವನೇ ಮುಂದೆ ಬರೆದುಕೊಂಡನು. ಇಂದು ನಮ್ಮ ದೂರವಾಣಿಗಳೊಳಗೆ ಚಿತ್ರಗಳು ಇರುವುದೂ ಹೀಗೆಯೇ, ಚೌಕಗಳಾಗಿ ಮತ್ತು ಅಂಕಿಗಳಾಗಿ.

ಇರಲಿ, ನೀಲಿಯ ಕಾಗದಕ್ಕೆ ಬರೋಣ. 100 ಮಿ.ಲೀ. ನೀರಿನಲ್ಲಿ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟನ್ನೂ, ಬೇರೊಂದು 100 ಮಿ.ಲೀ. ನೀರಿನಲ್ಲಿ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡನ್ನೂ ಕರಗಿಸಿ, ಎರಡನ್ನೂ ಸಮಭಾಗವಾಗಿ ಬೆರೆಸಿ, ಮಂದ ದೀಪದ ಬೆಳಕಿನಲ್ಲಿ ಕಾಗದಕ್ಕೆ ಸವರಿ, ಕತ್ತಲೆಯಲ್ಲಿ ಒಣಗಿಸಬೇಕು. ಬಿಸಿಲಿನಲ್ಲಿರುವ ಅತಿನೇರಿಳೆ ಕಿರಣಗಳು ತಾಗಿದಾಗ ಸಿಟ್ರೇಟಿನಿಂದ ಕಬ್ಬಿಣದ ಅಯಾನಿಗೆ ಒಂದು ಎಲೆಕ್ಟ್ರಾನು ವರ್ಗವಾಗುವುದು. ಫೆರಿಕ್ ರೂಪದಲ್ಲಿದ್ದ ಕಬ್ಬಿಣವು ಫೆರಸ್ ರೂಪಕ್ಕೆ ಇಳಿಯುವುದು. ಈ ಫೆರಸ್ ಅಯಾನು ಫೆರಿಸಯನೈಡಿನೊಡನೆ ಸೇರಿ ನೀರಿನಲ್ಲಿ ಕರಗದ ಪ್ರಷ್ಯನ್ ನೀಲಿಯಾಗುವುದು. ಬೆಳಕು ಬೀಳದೆಡೆ ಲವಣಗಳು ಇದ್ದಂತೆಯೇ ಇದ್ದು ತೊಳೆದಾಗ ಹೋಗಿಬಿಡುವುವು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರಿನಲ್ಲಿಯೇ ಇದನ್ನು ಮಾಡಬೇಕು. ಫೆರಿಸಯನೈಡನ್ನು ಕಾಯಿಸುವುದಾಗಲಿ ಪ್ರಬಲ ಆಮ್ಲದೊಡನೆ ಬೆರೆಸುವುದಾಗಲಿ ಸಲ್ಲದು, ವಿಷಾನಿಲವು ಹೊರಡುವುದು.

ನನ್ನ ಮೊದಲ ಬಿಂಬಗಳು ಅಚ್ಚುಕಟ್ಟಾಗಿದ್ದುವು. ಬಾಚಣಿಗೆಯನ್ನು ಕಾಗದದ ಮೇಲೆ ಚಪ್ಪಟೆಯಾಗಿರಿಸಿ, ಮಧ್ಯಾಹ್ನದ ಬಿಸಿಲಿಗೆ 10 ನಿಮಿಷ ಒಡ್ಡಿ ತೊಳೆದೆ. ಕಡುನೀಲಿಯ ನಡುವೆ ಬಿಳಿಯ ಹಲ್ಲುಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದುವು. 1843ರಲ್ಲಿ ಇಂಗ್ಲೆಂಡಿನ ಆನ್ನಾ ಅಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆಯು ಕಡಲಪಾಚಿಗಳ ಬಿಂಬಗಳನ್ನು ಇದೇ ವಿಧಾನದಿಂದ ತೆಗೆದು ಪ್ರಕಟಿಸಲಾರಂಭಿಸಿದಳು. ಛಾಯಾಚಿತ್ರಗಳಿಂದ ಕೂಡಿದ ಪ್ರಪಂಚದ ಮೊದಲ ಪುಸ್ತಕವೆಂದು ಅದನ್ನು ಪರಿಗಣಿಸುವರು. ನನ್ನ ಬಾಚಣಿಗೆಯೂ ಆ ಪಂಕ್ತಿಗೆ ಸಲ್ಲುವುದೆಂದು ಹೆಮ್ಮೆಪಟ್ಟು ಸಹಪಾಠಿಗಳ ವಿಮರ್ಶೆಗೆ ಕಳುಹಿದೆ. ಈ ಪಾಠಕ್ರಮದಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು, ಯಾವ ದೇಶದವರೋ ಯಾವ ವಯಸ್ಸಿನವರೋ, ನೋಡಿ ಅಭಿಪ್ರಾಯ ಬರೆಯಬೇಕು. ಬಂದ ಉತ್ತರ ಇಷ್ಟೇ: “ಬಾಚಣಿಗೆಯೆಂದು ತಿಳಿಯಿತು. ಆಮೇಲೆ?”

ಕೊಂಚ ಕೋಪವೇ ಬಂದಿತು. ಆದರೆ ಆ ಪ್ರಶ್ನೆಯು ನ್ಯಾಯವಾದದ್ದು. ಬಾಚಣಿಗೆಯ ಆಕಾರವನ್ನು ಅಳತೆ ತಪ್ಪದೆ ಒಪ್ಪಿಸಿದ್ದೆನೇ ಹೊರತು, ನೋಡುವವನು ಒಂದು ಕ್ಷಣ ನಿಲ್ಲುವಂಥದು ಅದರಲ್ಲಿ ಏನೂ ಇರಲಿಲ್ಲ. ಆಗ ತರಗತಿಯಲ್ಲಿ ಪ್ರತಿವರ್ಷವೂ ಪಾಠ ಹೇಳುವ ಅರೆನೆರಳು ನೆನಪಿಗೆ ಬಂದಿತು. ಸೂರ್ಯನು ಬಿಂದುವಲ್ಲ, ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿಯ ಬಿಲ್ಲೆ. ತನ್ನ ವ್ಯಾಸದ ಸುಮಾರು 108ರಷ್ಟು ದೂರದಲ್ಲಿ ಅವನಿದ್ದಾನೆ (ಜಪಸರದ ಮಣಿಗಳ ಸಂಖ್ಯೆಯಾದುದರಿಂದ ನೆನಪಿಡುವುದು ಸುಲಭ). ಆದುದರಿಂದ ಕಾಗದದಿಂದ ಮೇಲಕ್ಕೆತ್ತಿದ ವಸ್ತುವಿನ ನೆರಳಿನ ಅಂಚು, ಎತ್ತರದ 108ನೆಯ ಒಂದು ಪಾಲಿನಷ್ಟು ಅಗಲವಾಗಿ ಮಸುಕಾಗಬೇಕು. 6 ಸೆಂ.ಮೀ. ಎತ್ತರಕ್ಕೆ ಸುಮಾರು ಅರ್ಧ ಮಿ.ಮೀ. ಬಾಚಣಿಗೆಯ ಉದ್ದ 12 ಸೆಂ.ಮೀ.; ಹಲ್ಲಿನಿಂದ ಹಲ್ಲಿಗೆ 1 ಮಿ.ಮೀ. ಒಂದು ತುದಿಯನ್ನು ಕಾಗದಕ್ಕೆ ತಾಗಿಸಿ ಮತ್ತೊಂದನ್ನು 6 ಸೆಂ.ಮೀ. ಎತ್ತರದಲ್ಲಿ ನಿಲ್ಲಿಸಿದರೆ, ಹಲ್ಲುಗಳು ಕ್ರಮವಾಗಿ ಮೃದುವಾಗುತ್ತ ಹೋಗಿ, ಕೊನೆಯ ಹಲ್ಲು ಮಸುಕಾದರೂ ಬಿಡಿಯಾಗಿಯೇ ತೋರಬೇಕು. ಲೆಕ್ಕವನ್ನು ಎರಡು ಸಲ ಮಾಡಿ ನೋಡಿ, ಮಹಡಿಯ ಮೇಲೆ ಕಾಗದವನ್ನು ಸೂರ್ಯನಿಗೆ ಎದುರಾಗಿ ಓರೆಯಿಟ್ಟು, ಮೊದಲಿನಂತೆಯೇ 10 ನಿಮಿಷ ಕಾದೆನು.

ಬಿಂಬವು ಲೆಕ್ಕವನ್ನು ಲಕ್ಷಿಸಲಿಲ್ಲ. ಬಾಚಣಿಗೆಯ ಮೂರನೆಯ ಒಂದು ಭಾಗ ಕಳೆಯುವಷ್ಟರಲ್ಲಿ ಹಲ್ಲುಗಳೆಲ್ಲ ಮಾಯವಾಗಿ, ಮುಂದೆ ಮಂಜಿನಂಥ ತಿಳಿನೀಲಿಯ ಪಟ್ಟಿಯೊಂದೇ ಉಳಿದಿತ್ತು. ಗಾಳಿಗೆ ಅಲುಗಿರಬೇಕೆಂದು ಮತ್ತೊಮ್ಮೆ ಮಾಡಿದೆ, ಫಲವು ಅದೇ. ಕಾಗದ ಸವರಿದ್ದು ಸರಿಯಿಲ್ಲವೆಂದು ಮೂರನೆಯ ಸಲ ಮಾಡಿದೆ, ಅದೇ. ಹರಿದು ಬಿಸಾಡುವುದರಲ್ಲಿದ್ದೆ. ಒಪ್ಪಿಸಬೇಕಾದ ಗಡುವು ಬಂದಿದ್ದುದರಿಂದ, ಪ್ರಯೋಗ ವಿಫಲವಾಯಿತೆಂದು ಒಂದು ಸಾಲು ಬರೆದು ಅದನ್ನೇ ಕಳುಹಿದೆನು.

ಈ ಸಲ ಬಂದ ಉತ್ತರವೂ ಒಂದು ಪ್ರಶ್ನೆಯೇ: “ಹಲ್ಲುಗಳು ಎಲ್ಲಿಗೆ ಹೋದುವು?” ಚಿತ್ರವನ್ನು ಬಹಳ ಹೊತ್ತು ನೋಡಿದೆನೆಂದೂ ಬರೆದಿತ್ತು. ಉತ್ತರ ಕೊಡಲೆಂದು ಕುಳಿತಾಗ, ನನ್ನ ಲೆಕ್ಕದಲ್ಲಿ ನಾನು ಮರೆತದ್ದು ಏನೆಂಬುದು ತಟ್ಟನೆ ಹೊಳೆಯಿತು. ಭೂಮಿಯು ತಿರುಗುತ್ತಿದೆ! ಗಂಟೆಗೆ 15 ಡಿಗ್ರಿಯಂತೆ 10 ನಿಮಿಷಗಳಲ್ಲಿ ಸೂರ್ಯನು ಆಕಾಶದಲ್ಲಿ ಎರಡೂವರೆ ಡಿಗ್ರಿ, ಎಂದರೆ ತನ್ನ ಬಿಲ್ಲೆಯ ಅಗಲದ ಸುಮಾರು ಐದರಷ್ಟು, ಸರಿದಿರುತ್ತಾನೆ. 6 ಸೆಂ.ಮೀ. ಎತ್ತರದ ಹಲ್ಲಿನ ನೆರಳು ಅಷ್ಟರಲ್ಲಿ ಎರಡೂವರೆ ಮಿ.ಮೀ.ಗೂ ಹೆಚ್ಚಾಗಿ ಚಲಿಸಿ, ನೆರೆಯ ಹಲ್ಲುಗಳ ನೆರಳನ್ನು ದಾಟಿ ಹೋಗಿರುತ್ತದೆ. ಎತ್ತರವು 2 ಸೆಂ.ಮೀ. ಆಗುವಷ್ಟರಲ್ಲಿಯೇ ಒಂದು ಹಲ್ಲು ಮುಂದಿನದರ ಸ್ಥಾನಕ್ಕೆ ಬರುವುದು; ಸರಿಯಾಗಿ ಮೂರನೆಯ ಒಂದು ಭಾಗ. ಕಾಗದಕ್ಕೆ ತಾಗಿದ ಹಲ್ಲಿಗೆ ಎತ್ತರವೇ ಇಲ್ಲವಾದುದರಿಂದ ಸೂರ್ಯನು ಎಷ್ಟು ಸರಿದರೂ ಅದು ಕದಲದು. ಅಟ್ಕಿನ್ಸಳ ಪಾಚಿಗಳು ಸ್ಪಷ್ಟವಾಗಿ ಮೂಡಿದ್ದ ಕಾರಣವೂ ಇದೇ. ಗಡಿಯಾರವಿಲ್ಲದ ನಿಂತ ನೆರಳನ್ನು ಲೆಕ್ಕಹಾಕಿದ್ದವನು ನಾನು. ಕಾಗದವು 10 ನಿಮಿಷಗಳ ನೆರಳನ್ನು ಬರೆದಿತ್ತು.

ಹಾಗಾದರೆ ಇದನ್ನು ಪರೀಕ್ಷಿಸಬಹುದಲ್ಲ! ನೆರಳು ಸರಿಯುವುದು ಪೂರ್ವಪಶ್ಚಿಮವಾಗಿ. ಮೊದಲು ನಾನು ಹಲ್ಲುಗಳನ್ನು ದಕ್ಷಿಣೋತ್ತರವಾಗಿ ಇಟ್ಟಿದ್ದೆ. ಚಲನೆಯು ಅವುಗಳಿಗೆ ಅಡ್ಡವಾಗಿತ್ತು. ಎತ್ತರವನ್ನೂ ಅವಧಿಯನ್ನೂ ಬದಲಿಸದೆ, ಬಾಚಣಿಗೆಯನ್ನು ಮಾತ್ರ ಕಾಲು ಸುತ್ತು ತಿರುಗಿಸಿದೆ. ಈಗ ಚಲನೆಯು ಹಲ್ಲುಗಳ ಉದ್ದಕ್ಕೇ ಆಯಿತು. ತೊಳೆದು ನೋಡಿದರೆ ಕೊನೆಯ ಹಲ್ಲಿನವರೆಗೂ ಎಲ್ಲವೂ ಬಿಡಿಬಿಡಿಯಾಗಿ ನಿಂತಿವೆ. ತುದಿಗಳು ಮಾತ್ರ ಎಳೆದಂತೆ ನೀಳವಾಗಿವೆ. ಎರಡನ್ನೂ ಪಕ್ಕಪಕ್ಕದಲ್ಲಿ ಅಂಟಿಸಿದೆ. ಒಂದೇ ಬಾಚಣಿಗೆ, ಒಂದೇ ಬಿಸಿಲು. ಒಂದರಲ್ಲಿ ಹಲ್ಲುಗಳುಂಟು, ಒಂದರಲ್ಲಿ ಕರಗಿವೆ. ಒಂದನ್ನುಳಿದು ಬೇರೆಲ್ಲ ನಿಬಂಧನೆಗಳನ್ನು ಸ್ಥಿರವಾಗಿರಿಸುವುದು ನಮ್ಮ ಪ್ರಯೋಗಶಾಲೆಯ ಹಳೆಯ ಪಾಠ. ಅದು ಬಿಂಬರಚನೆಯಲ್ಲಿಯೂ ಹೀಗೆ ಒದಗುವುದೆಂದು ನನಗೆ ತಿಳಿದಿರಲಿಲ್ಲ.

ಪರದೆಯ ಮೂಲಕ ಕೈಕೆಲಸವನ್ನು ಕಲಿಯಬಹುದೆ ಎಂದು ಕೆಲವರು ಕೇಳುತ್ತಾರೆ. ಅರ್ಧಕ್ಕೆ ಹೌದು. ಅಭ್ಯಾಸವನ್ನು ಗೊತ್ತುಮಾಡಿಕೊಡುವವರೂ ಬಿಡದೆ ಪ್ರಶ್ನಿಸುವವರೂ ದೂರದಲ್ಲಿದ್ದರೂ ನಡೆಯುವುದು. ಆದರೆ ನಮ್ಮ ನಲ್ಲಿಯ ನೀರಿನ ಗುಣ ದೂರದವರಿಗೆ ತಿಳಿಯದು. ನಮ್ಮ ಮನೆಯ ಕೊಳವೆಬಾವಿಯ ನೀರು ಕ್ಷಾರಗುಣದ್ದು. ರಾತ್ರಿ ಬಕೆಟ್ಟಿನಲ್ಲಿ ನೆನೆಯಲು ಬಿಟ್ಟ ಮೂರು ಬಿಂಬಗಳು ಬೆಳಗಾಗುವಷ್ಟರಲ್ಲಿ ಬಿಳಿಚಿಕೊಂಡು ಅಂಚಿನಲ್ಲಿ ಹಳದಿಯಾಗಿದ್ದುವು. ಪ್ರಷ್ಯನ್ ನೀಲಿಯನ್ನು ಕ್ಷಾರವು ಒಡೆಯುವುದು. ಪಾಠದ ಮಾತುಗಳಲ್ಲಿ “ಚೆನ್ನಾಗಿ ತೊಳೆಯಿರಿ” ಎಂದಷ್ಟೇ ಇತ್ತು. ಈಗ ನಾನು ನೀರಿಗೆ ನಾಲ್ಕು ಹನಿ ನಿಂಬೆಯ ರಸವನ್ನು ಬೆರೆಸಿ, ಬೇಗ ತೊಳೆದು ತೆಗೆಯುತ್ತೇನೆ.

ರಾಸಾಯನಿಕಗಳು ದೊರೆಯದ ವಿದ್ಯಾರ್ಥಿಯು ಅರಿಸಿನದಿಂದ ಆರಂಭಿಸಬಹುದು. ಬಟ್ಟೆಗೆ ತಾಗಿದ ಅರಿಸಿನದ ಕಲೆ ಬಿಸಿಲಿನಲ್ಲಿ ಒಣಗಿಸಿದರೆ ಹೋಗುವುದೆಂಬುದನ್ನು ಮನೆಯ ಹೆಂಗಸರೆಲ್ಲರೂ ಬಲ್ಲರು. ಅದರ ಬಣ್ಣವಾದ ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುವುದು. ಅರಿಸಿನ ಸವರಿದ ಕಾಗದದ ಮೇಲೆ ಎಲೆಯೊಂದನ್ನು ಗಾಜಿನಿಂದ ಒತ್ತಿ, ಕೆಲವು ಗಂಟೆಗಳ ಕಾಲ ಬಿಸಿಲಿನಲ್ಲಿಟ್ಟು, ಬಳಿಕ ತಿಳಿ ಸುಣ್ಣದ ನೀರನ್ನು ಸವರಿದರೆ, ಎಲೆಯ ಬಿಂಬವು ಓಕುಳಿಯ ಕೆಂಪಿನಲ್ಲಿ ಎದ್ದು ತೋರುವುದು. ಅದು ನಿಲ್ಲುವ ಬಿಂಬವಲ್ಲ, ಕತ್ತಲೆಯಲ್ಲಿಟ್ಟುಕೊಳ್ಳಬೇಕು.

ಭಿತ್ತಿಪತ್ರದ ವಿಷಯವನ್ನು ಹೇಳದಿದ್ದರೆ ಲೇಖನ ಅಪೂರ್ಣ. ಬೆಂಗಳೂರಿನಲ್ಲಿ ಸೂರ್ಯನು ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಮಧ್ಯಾಹ್ನದಲ್ಲಿ ನೆತ್ತಿಯ ಮೇಲೆ ನೇರವಾಗಿ ಬರುವನು. ಇದು ಶೂನ್ಯ ನೆರಳಿನ ದಿನ. ಏಪ್ರಿಲಿನ ಆ ದಿನಕ್ಕೆ ಸಂಘದ ಭಿತ್ತಿಪತ್ರವಾಗಿ ಹಲ್ಲು ಕರಗಿದ ಬಾಚಣಿಗೆಯನ್ನೇ ದೊಡ್ಡದಾಗಿ ಅಚ್ಚುಹಾಕಿಸಿ, ಕೆಳಗೆ ದಿನಾಂಕವನ್ನೂ ವೇಳೆಯನ್ನೂ ಮಾತ್ರ ಬರೆಯಿಸಿದೆ. ನೆರಳಿಲ್ಲದ ದಿನಕ್ಕೆ ನೆರಳಿನ ಚಿತ್ರವೇಕೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಆ ದಿನ ಅಂಗಳದಲ್ಲಿ ನೀಲಿಯ ಕಾಗದವನ್ನು ಹಾಸಿ, 10 ಸೆಂ.ಮೀ. ಉದ್ದದ ಪೆನ್ಸಿಲೊಂದನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ, 12 ಗಂಟೆ 12 ನಿಮಿಷದಿಂದ 12 ಗಂಟೆ 22 ನಿಮಿಷದವರೆಗೆ ಬಿಟ್ಟೆವು. ತೊಳೆದ ಮೇಲೆ ಮೂಡಿದ್ದು ಪೆನ್ಸಿಲಿನ ಬುಡದಷ್ಟೇ ದಪ್ಪದ ಒಂದು ಬಿಳಿಯ ಬೊಟ್ಟು. ಅದರ ಪೂರ್ವಕ್ಕೂ ಪಶ್ಚಿಮಕ್ಕೂ ಎರಡು ಎರಡು ಮಿ.ಮೀ. ಉದ್ದದ ಮಸುಕಾದ ರೆಕ್ಕೆಗಳು. ಆಗಸ್ಟಿನ ಭಿತ್ತಿಪತ್ರಕ್ಕೆ ಅದನ್ನು ಎತ್ತಿಟ್ಟಿದ್ದೇನೆ.